ಭುವನೇಶ್ವರಿಯಿಂದ ಜಂತಿಯವರೆಗೆ: ಬೆಳಗಾವಿ ಸೀಮೆಯ ಛತ್ತುಗಳ ಛಾಯಾದಾಖಲೆ

ವಾಸ್ತುವಿನ ಅಧ್ಯಯನವೆಂದರೆ ನಮ್ಮಲ್ಲಿ ಬಹುಮಟ್ಟಿಗೆ ಅಧಿಷ್ಠಾನ, ಭಿತ್ತಿ, ಶಿಖರಗಳ ಅಧ್ಯಯನವೆಂದೇ ರೂಢಿಯಾಗಿದೆ. ಕಂಬಗಳನ್ನು ಕುರಿತೂ ಸಾಕಷ್ಟು ಬರವಣಿಗೆ ನಡೆದಿದೆ. ಆ ಕಂಬಗಳು ಹೊತ್ತು ನಿಂತ ಛತ್ತಿನ ಕಡೆಗೆ ಮಾತ್ರ ವಿದ್ವಾಂಸರ ದೃಷ್ಟಿ ಹರಿದದ್ದು ಕಡಿಮೆ. ಶಾಸ್ತ್ರಗ್ರಂಥಗಳು ಅದನ್ನು ವಿತಾನವೆಂದು ಕರೆದವು. ಕನ್ನಡಿಗರು ಗುಡಿಯ ನಡುಮಂಟಪದ ಛತ್ತಿಗೆ ಭುವನೇಶ್ವರಿ ಎಂಬ ಅರ್ಥಪೂರ್ಣವಾದ ಹೆಸರನ್ನಿಟ್ಟರು. ಹಳ್ಳಿಯ ಮನೆಗಳಲ್ಲಿ ಅದೇ ಸ್ಥಾನದಲ್ಲಿರುವುದು ಜಂತಿ. ಮೊದಲನೆಯದರ ಚಿತ್ರಗಳು ಅಲ್ಪಸ್ವಲ್ಪವಾದರೂ ನಮ್ಮ ಬಳಿ ಇವೆ, ಎರಡನೆಯದರವು ಇಲ್ಲವೆಂದೇ ಹೇಳಬೇಕು. ಈ ಅಸಮತೆಯನ್ನು ಕುರಿತು ಯೋಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಛತ್ತು ಅಲಕ್ಷ್ಯಕ್ಕೊಳಗಾಗಲು ಛಾಯಾಗ್ರಹಣದ ಚರಿತ್ರೆಯಲ್ಲಿಯೇ ಒಂದು ಕಾರಣವಿದೆ. ಮುಂಬಯಿ ಸರಕಾರವು 1855ರಲ್ಲಿ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನ ಅನಂತರ ಡಾ. ವಿಲಿಯಂ ಪಿಗೌ ಆ ಕೆಲಸವನ್ನು ಮುಂದುವರಿಸಿದನು. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ಗ್ರಂಥವು ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗುಸನ್ ಅವರ ಬರಹಗಳೊಡನೆ 1866ರಲ್ಲಿ ಪ್ರಕಟವಾಯಿತು. ಅದರ ಚಿತ್ರಗಳು ಬಹುಪಾಲು ಹೊರಮೈಯವು. ಬಿಸಿಲನ್ನೇ ನೆಚ್ಚಿದ್ದ ಅಂದಿನ ತಂತ್ರಕ್ಕೆ ಗುಡಿಯ ಒಳಗತ್ತಲೆ ಒಗ್ಗುತ್ತಿರಲಿಲ್ಲ. ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗೆ ಪಿಯಾಜಿ ಸ್ಮಿತ್ ಮೆಗ್ನೀಸಿಯಂ ಉರಿಸಿ ಚಿತ್ರ ತೆಗೆದದ್ದು 1865ರಲ್ಲಿ. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳ ಸರ್ವೇಕ್ಷಣೆ ಕೈಗೊಂಡ ಕಾಲಕ್ಕೂ ಕತ್ತಲ ಛತ್ತಿನ ಚಿತ್ರ ಸುಲಭಸಾಧ್ಯವಾಗಿರಲಿಲ್ಲ.

ಇಂಥ ಚಿತ್ರಕ್ಕೆ ಅರ್ಹವಾದ ಛತ್ತು ಬೆಳಗಾವಿಯ ಕೋಟೆಯೊಳಗೇ ಇದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರ ಸುಮಾರಿಗೆ ಕಟ್ಟಿಸಿದ ಕಮಲ ಬಸದಿಯ ಮಂಟಪದಲ್ಲಿ ಕಲ್ಲಿನ ಕಮಲವೊಂದು ಕೆಳಮುಖವಾಗಿ ತೂಗಿದೆ. ಭೂತ, ವರ್ತಮಾನ, ಭವಿಷ್ಯತ್ ಕಾಲಗಳ 72 ತೀರ್ಥಂಕರರನ್ನು ಅದರ ದಳಗಳಲ್ಲಿ ಕಂಡರಿಸಲಾಗಿದೆ. ಇದನ್ನು ಮಿಂಚುದೀಪದಿಂದ ತೆಗೆದರೆ ಉಬ್ಬುತಗ್ಗುಗಳೆಲ್ಲ ಸಪಾಟಾಗಿ ಕಮಲವು ತಟ್ಟೆಯಂತೆ ಕಾಣುತ್ತದೆ. ಕ್ಯಾಮರಾವನ್ನು ನೆಲದ ಮೇಲೆ ಅಂಗಾತ ಇಟ್ಟು, ಬದಿಯಿಂದ ಬರುವ ಬೆಳಕಿನಲ್ಲಿ ದೀರ್ಘಕಾಲ ತೆರೆದಿಟ್ಟಾಗ ಮಾತ್ರ ಅದರ ಆಳ ದೊರೆಯುತ್ತದೆ.

ಇನ್ನೊಂದು ತೊಡಕು ದಿಕ್ಕಿನದು. ನಡುವೆ ಶಿವ, ಸುತ್ತ ಅಷ್ಟದಿಕ್ಪಾಲಕರಿರುವ ಒಂಬತ್ತು ಅಂಕಣದ ಛತ್ತು ಕರ್ನಾಟಕದಲ್ಲಿ ಹೇರಳ. ನೆಲದ ನಕ್ಷೆಯಲ್ಲಿ ಉತ್ತರವನ್ನು ಮೇಲಿಟ್ಟರೆ ಪೂರ್ವವು ಬಲಕ್ಕೆ ಬರುತ್ತದೆ. ಕೆಳಗಿನಿಂದ ತೆಗೆದ ಛತ್ತಿನ ಚಿತ್ರದಲ್ಲಿ ಅದು ಎಡಕ್ಕೆ ಬರುತ್ತದೆ. ಇದನ್ನರಿಯದೆ ನಕ್ಷೆಯೊಡನೆ ಹೋಲಿಸಿದವರಿಗೆ ಇಂದ್ರನು ವರುಣನ ಜಾಗದಲ್ಲಿ ಕುಳಿತಂತೆ ತೋರುತ್ತದೆ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛತ್ತಿನ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಇಂದು ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿವೆ. ತಲೆಯೆತ್ತಿ ನೋಡಬೇಕಾದುದನ್ನು ಅಲ್ಲಿ ಎದುರು ನಿಂತು ನೋಡುತ್ತೇವೆ. ಕೆಳಗಿನ ನೆಲದ ಸಂಬಂಧ ಕಡಿದುಹೋದ ಛತ್ತು ಬರಿಯ ಶಿಲ್ಪವಾಗುತ್ತದೆ.

ಗುಡಿಯನ್ನು ಕಟ್ಟಿದ ಮಾತುಗಳೇ ಮನೆಯನ್ನೂ ಕಟ್ಟಿವೆ. ಕಂಬ, ಬೋದಿಗೆ, ತೊಲೆ, ಅಂಕಣ ಇವು ಎರಡಕ್ಕೂ ಸಮಾನ. ಬೆಳಗಾವಿ ಜಿಲ್ಲೆಯ ಮಳೆ ಹೆಚ್ಚಾದ ಪಶ್ಚಿಮದ ಅಂಚಿನಲ್ಲಿ ಇಳಿಜಾರಾದ ಹಂಚಿನ ಮಾಡು ರೂಢಿ. ಮಮದಾಪುರವನ್ನೊಳಗೊಂಡ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಬಯಲಿನಲ್ಲಿ ಸಮತಟ್ಟಾದ ಮಣ್ಣಿನ ಮಾಳಿಗೆಯ ಮನೆಗಳು ಬಹುಕಾಲದಿಂದ ಇದ್ದವು. ತೊಲೆಗಳ ಮೇಲೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆಯ ತುಂಡುಗಳು, ಅವುಗಳ ಮೇಲೆ ಸೊಪ್ಪುಸದೆ, ಕೊನೆಗೆ ತುಳಿದು ಗಟ್ಟಿಮಾಡಿದ ಮಣ್ಣು. ಮನೆಯ ಅಳತೆಯನ್ನು ಚದರಡಿಯಲ್ಲಿ ಹೇಳದೆ ಅಂಕಣದಲ್ಲಿ ಹೇಳುತ್ತಿದ್ದುದರಿಂದ ಛತ್ತೇ ಮನೆಯ ಮಾನದಂಡವಾಗಿತ್ತು. ನಿದ್ದೆ ಬಾರದವನು ಜಂತಿ ಎಣಿಸುತ್ತಾನೆ ಎಂಬ ಮಾತು ಹುಟ್ಟಿದ್ದು ಈ ಛತ್ತಿನ ಕೆಳಗೆ. ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯನ್ನು ತತ್ತ್ವಪದದ ರೂಪಕವಾಗಿಸಿದರು. ಅವರ ಕೇಳುಗರಿಗೆ ಆ ರೂಪಕವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಛತ್ತನ್ನು ಚಿತ್ರಿಸುವುದು ಕಲ್ಲಿನ ಕಮಲಕ್ಕಿಂತ ಕಷ್ಟ. ಒಲೆಯ ಹೊಗೆ ತಾಗಿ ತಾಗಿ ಅಡುಗೆಮನೆಯ ಜಂತಿಗಳು ಕಾಡಿಗೆಗಪ್ಪಾಗಿರುತ್ತವೆ. ಹುಳು ಹಿಡಿಯದಂತೆ ಮರವನ್ನು ಕಾಯ್ದದ್ದೂ ಆ ಮಸಿಯೇ. ಬೆಳಕನ್ನು ಅಳೆಯುವ ಯಂತ್ರವು ಕಪ್ಪನ್ನು ಬೂದುಬಣ್ಣವೆಂದೇ ಎಣಿಸಿ ಚಿತ್ರವನ್ನು ಹೆಚ್ಚು ಬೆಳ್ಳಗೆ ಮಾಡುವುದರಿಂದ, ಬೇಕೆಂದೇ ಬೆಳಕನ್ನು ತಗ್ಗಿಸಿ ತೆಗೆಯಬೇಕಾಗುತ್ತದೆ. ಬೆಳಕಿಂಡಿಯಿಂದ ಕೋಲಿನಂತೆ ಇಳಿಯುವ ಬಿಸಿಲು ಸುತ್ತಲಿನದೆಲ್ಲವನ್ನೂ ನುಂಗುತ್ತದೆ. ಅದನ್ನು ಮುಚ್ಚಿದರೆ ಜಂತಿ ಸ್ಪಷ್ಟವಾಗುತ್ತದೆ, ಮನೆಯವರು ಹೊತ್ತನ್ನು ಗುರುತಿಸುತ್ತಿದ್ದ ಬೆಳಕು ಇಲ್ಲವಾಗುತ್ತದೆ. ಆದುದರಿಂದ ಮುಚ್ಚಿ ಒಂದು, ತೆರೆದು ಒಂದು, ಹೀಗೆ ಎರಡು ಚಿತ್ರ ಅಗತ್ಯ.

ಆದರೂ ಚಿತ್ರ ಎಲ್ಲವನ್ನೂ ಹೇಳುವುದಿಲ್ಲ. ತೊಲೆಗೆ ಬಡಿದ ಕಬ್ಬಿಣದ ಕೊಂಡಿಯೊಂದನ್ನು ತೋರಿಸಿ ಕೇಳಿದಾಗ ಹಿರಿಯ ತಾಯಿಯೊಬ್ಬರು, "ಈ ಕೊಂಡಿಗೆ ಆರು ತೊಟ್ಟಲಾ ಕಟ್ಟೇನಿ, ತಮ್ಮಾ" ಎಂದರು. ಕ್ಯಾಮರಾ ಕಂಡದ್ದು ತುಕ್ಕು ಹಿಡಿದ ಕೊಂಡಿಯನ್ನಷ್ಟೇ. ಬೀಜದ ಗಂಟು ಎಲ್ಲಿ ತೂಗುತ್ತಿತ್ತು, ಯಾವ ಅಂಕಣದ ಕೆಳಗೆ ದನ ಕಟ್ಟುತ್ತಿದ್ದರು, ಯಾವುದರ ಕೆಳಗೆ ಬಾಣಂತಿ ಮಲಗುತ್ತಿದ್ದಳು ಎಂಬ ವಿವರಗಳು ಚಿತ್ರದ ಬೆನ್ನಿಗೆ ಬರೆದಿರದಿದ್ದರೆ ಜಾನಪದ ವಿದ್ಯಾರ್ಥಿಗೆ ಅದು ಮರಗೆಲಸದ ಮಾದರಿ ಮಾತ್ರ. ಬೀಚಿರಾಜನ ಬಸದಿಗೆ ಶಾಸನವಿದೆ. ಈ ಮನೆಗಳಿಗೆ ಇರುವುದು ಇಂಥ ತಾಯಂದಿರ ನೆನಪು. ಈ ಕಾರಣಕ್ಕಾಗಿಯೇ, ನನ್ನ ಅಭಿಪ್ರಾಯದಲ್ಲಿ, ಬಸದಿಗಿಂತ ಮೊದಲು ಮನೆಯನ್ನು ಚಿತ್ರಿಸಬೇಕು.

ಅವಸರಕ್ಕೆ ಬೇರೆ ಕಾರಣವೂ ಉಂಟು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಅದರ ದಂಡೆಯ ಊರುಗಳಲ್ಲಿ ಅನೇಕ ಮಣ್ಣಿನ ಮನೆಗಳು ಕುಸಿದವು. ನೆರೆ ಮುಟ್ಟದ ಕಡೆಯಲ್ಲಿ ಕಾಂಕ್ರೀಟು ಆ ಕೆಲಸವನ್ನು ನಿಧಾನವಾಗಿ ಮಾಡುತ್ತಿದೆ. ಬಿಚ್ಚಿದ ಮನೆಯ ತೊಲೆ, ಬೋದಿಗೆಗಳು ಹಳೆಯ ಕಟ್ಟಿಗೆಯಾಗಿ ಮಾರಾಟವಾಗುತ್ತವೆ. ಕ್ಷೇತ್ರಕಾರ್ಯಕ್ಕೆ ತೊಡಗುವವರು ಮನೆ ಬಿಚ್ಚುವ ದಿನವನ್ನು ಮೊದಲೇ ತಿಳಿದಿಟ್ಟುಕೊಳ್ಳುವುದು ಒಳಿತು. ಮೇಲಿನ ಮಣ್ಣನ್ನು ಸರಿಸಿದ ಮೇಲೆ, ತೊಲೆಯನ್ನು ಇಳಿಸುವ ಮುನ್ನ, ಜಂತಿಗಳ ಸಂದಿನಿಂದ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಕೂಡಿಸಿದ ಬಗೆ, ಉಳಿಯ ಗುರುತು, ಹೊಗೆಯ ಪದರ ಎಲ್ಲವೂ ಆಗ ಕಾಣುತ್ತವೆ. ಆ ಅವಕಾಶ ಇರುವುದು ಕೆಲವೇ ಗಂಟೆಗಳ ಕಾಲ.