ಬುಡಾಪೆಸ್ಟಿನ ಮಕ್ಕಳ ರೈಲು

ರೈಲೆಂದರೆ ಮಕ್ಕಳಿಗೆ ಯಾವ ದೇಶದಲ್ಲಾದರೂ ಒಂದೇ ಬಗೆಯ ಮೋಹ. ಆ ಮೋಹವನ್ನು ಶಿಕ್ಷಣಕ್ಕೆ ತಿರುಗಿಸಿಕೊಂಡದ್ದು ಸೋವಿಯತ್ ಒಕ್ಕೂಟ. 1935ರಲ್ಲಿ ಜಾರ್ಜಿಯದ ಟಿಬಿಲಿಸಿ ನಗರದಲ್ಲಿ ಮಕ್ಕಳು ನಡೆಸುವ ಪುಟ್ಟ ರೈಲುಮಾರ್ಗವೊಂದು ತೆರೆಯಿತು; ಮುಂದೆ ಅಂಥವು ಹತ್ತಾರು ಊರುಗಳಲ್ಲಿ ಹುಟ್ಟಿದವು. ನಾಳಿನ ರೈಲ್ವೆ ನೌಕರರನ್ನು ಬಾಲ್ಯದಲ್ಲಿಯೇ ಸಿದ್ಧಗೊಳಿಸುವುದು ಉದ್ದೇಶ.

ಎರಡನೆಯ ಮಹಾಯುದ್ಧದ ತರುವಾಯ ಈ ಪದ್ಧತಿ ಹಂಗೇರಿಗೂ ಬಂದಿತು. ರಾಜಧಾನಿ ಬುಡಾಪೆಸ್ಟಿನ ಅಂಚಿನ ಗುಡ್ಡಗಾಡಿನಲ್ಲಿ 1948ರ ಜುಲೈ 31ರಂದು ಮೊದಲ ಭಾಗ ಆರಂಭವಾಯಿತು. 1950ರಲ್ಲಿ ಮಾರ್ಗ ಪೂರ್ಣಗೊಂಡಿತು. ಉದ್ದ ಸುಮಾರು 11 ಕಿಲೋಮೀಟರು. ಹಳಿಗಳ ಅಂತರ 760 ಮಿಲಿಮೀಟರು, ಎಂದರೆ ಸುಮಾರು ಎರಡೂವರೆ ಅಡಿ. ಹಿಂದೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಓಡುತ್ತಿದ್ದ ಸಣ್ಣ ಗಾಡಿಯನ್ನು ಕಂಡ ಹಿರಿಯರಿಗೆ ಈ ಅಳತೆ ಹೊಸದಲ್ಲ.

ಇಲ್ಲಿ ದುಡಿಯುವವರು 10ರಿಂದ 14 ವರ್ಷದ ಹುಡುಗ ಹುಡುಗಿಯರು. ಶಾಲೆಯಲ್ಲಿ ಒಳ್ಳೆಯ ಅಂಕ ಪಡೆದಿರಬೇಕು. ಕೆಲವು ತಿಂಗಳು ಪಾಠ ಕೇಳಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆಮೇಲೆ ಟಿಕೆಟ್ಟು ಮಾರುವುದು, ಅದನ್ನು ಗಾಡಿಯಲ್ಲಿ ತಪಾಸಣೆ ಮಾಡುವುದು, ಹಳಿ ಬದಲಿಸುವುದು, ಸಿಗ್ನಲ್ ಕೊಡುವುದು, ಹೊರಡುವ ಗಾಡಿಗೆ ವಂದಿಸುವುದು, ಎಲ್ಲವೂ ಅವರ ಪಾಲಿಗೆ. ಎಂಜಿನ್ ನಡೆಸುವವರು ಮಾತ್ರ ದೊಡ್ಡವರು. ನಿಲ್ದಾಣಗಳಲ್ಲಿ ಮೇಲ್ವಿಚಾರಣೆಯೂ ದೊಡ್ಡವರದೇ. ಇರುವುದು ಒಂಟಿ ಹಳಿ. ಒಂದು ನಿಲ್ದಾಣದಿಂದ ಗಾಡಿ ಬಿಡಬೇಕಾದರೆ ಮುಂದಿನ ನಿಲ್ದಾಣದ ಮಾತು ಬರಬೇಕು. ಟೆಲಿಫೋನಿನಲ್ಲಿ ಆ ಮಾತು ಕೊಡುವುದೂ ಪಡೆಯುವುದೂ ಮಕ್ಕಳೇ.

ಈ ವ್ಯವಸ್ಥೆಯನ್ನು ಬರಿಯ ಬಾಲಲೀಲೆಯೆಂದು ಹೊಗಳಿಬಿಡುವಂತಿಲ್ಲ. ಆಗ ಇದರ ಹೆಸರು ಪಯೋನಿಯರ್ ರೈಲು. ಪಯೋನಿಯರ್ ಎಂಬುದು ಕಮ್ಯುನಿಸ್ಟ್ ಸರಕಾರದ ಬಾಲಸಂಘ. ಮಗುವಿಗೆ ಕೆಲಸ ಕಲಿಸುವುದರೊಡನೆ, ಅದನ್ನು ತನ್ನ ಮತಕ್ಕೆ ಒಗ್ಗಿಸಿಕೊಳ್ಳುವ ಹವಣಿಕೆಯೂ ಪ್ರಭುತ್ವಕ್ಕೆ ಇದ್ದಿತು. ಆ ಪ್ರಭುತ್ವ 1989ರಲ್ಲಿ ಉರುಳಿತು. ಮರುವರ್ಷ ರೈಲಿನ ಹೆಸರು ಬದಲಾಯಿತು. ಕೆಲವು ನಿಲ್ದಾಣಗಳ ಹೆಸರುಗಳೂ ಬದಲಾದವು. ಆದರೆ ರೈಲು ನಿಲ್ಲಲಿಲ್ಲ. ಇಂದಿಗೂ ಅದು ಮಕ್ಕಳ ಕೈಯಲ್ಲಿಯೇ ಓಡುತ್ತಿದೆ.

ಇದಕ್ಕೆ ಕಾರಣವನ್ನು ಯೋಚಿಸಿದಾಗ ನನಗೆ ತೋರುವುದಿಷ್ಟು. ಘೋಷಣೆಯನ್ನು ಬಾಯಿಪಾಠ ಮಾಡಿದ ಮಗು ಅದನ್ನು ಮರೆಯಬಹುದು. ತನ್ನ ಮಾತನ್ನು ನಂಬಿ ಗಾಡಿಯೊಂದು ಜನರನ್ನು ಹೊತ್ತು ಹೊರಟಿತೆಂಬುದನ್ನು ಮರೆಯಲಾರದು. ನಾವು ತರಗತಿಯಲ್ಲಿ ಹೊಣೆಗಾರಿಕೆಯ ಮೇಲೆ ಪ್ರಬಂಧ ಬರೆಸುತ್ತೇವೆ. ಹೊಣೆಯನ್ನು ಮಾತ್ರ ನಮ್ಮಲ್ಲಿಯೇ ಇಟ್ಟುಕೊಳ್ಳುತ್ತೇವೆ. ಆ ಗುಡ್ಡದ ಮೇಲೆ ಅದನ್ನು ಮಕ್ಕಳಿಗೆ ಒಪ್ಪಿಸಿ, ಹಿರಿಯರು ಒಂದು ಹೆಜ್ಜೆ ಹಿಂದೆ ನಿಂತಿದ್ದಾರೆ.