ಮೊದಲ ಪರದೆಯ ಲೆಕ್ಕ: ಕ್ಯಾರೆಕ್ಟರ್ ಬಿಲ್ಡ್ ನಡೆದು ಬಂದ ದಾರಿ

ರೋಲ್ ಪ್ಲೇಯಿಂಗ್ ಗೇಮ್ ಆಡಲು ಕೂರುವ ಮೊದಲೇ ಈಗಿನವರು ಕೇಳುವುದು ‘ಬೆಸ್ಟ್ ಬಿಲ್ಡ್ ಯಾವುದು?’ ಎಂದು. ಉತ್ತರ ಯೂಟ್ಯೂಬಿನಲ್ಲಿ ಸಿದ್ಧವಾಗಿರುತ್ತದೆ. ಶಕ್ತಿಗೆ ಇಷ್ಟು, ಚುರುಕಿಗೆ ಇಷ್ಟು, ಮೊದಲ ಹತ್ತು ಲೆವೆಲ್‌ಗೆ ಈ ಸ್ಕಿಲ್, ಆಮೇಲೆ ಆ ಸ್ಕಿಲ್. ಅದನ್ನು ಹಾಗೆಯೇ ತುಂಬಿ ಆಟ ಮುಗಿಸಿದವರೇ ಇನ್ನೊಂದು ಮಾತನ್ನೂ ಹೇಳುತ್ತಾರೆ: ಈಗ ಯಾವಾಗ ಬೇಕಾದರೂ ಪಾಯಿಂಟುಗಳನ್ನು ವಾಪಸ್ ಪಡೆದು ಬೇರೆ ಕಡೆ ಹಾಕಬಹುದು, ಶುರುವಿನ ಆಯ್ಕೆಗೆ ಬೆಲೆಯೇ ಇಲ್ಲ. ಸರಿಯುತ್ತರ ಒಂದೇ ಎನ್ನುವುದೂ, ಯಾವ ಉತ್ತರವಾದರೂ ನಡೆಯುತ್ತದೆ ಎನ್ನುವುದೂ ಒಂದೇ ಬಾಯಲ್ಲಿ ಬರುತ್ತಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ. ಪಾಯಿಂಟನ್ನು ಎಲ್ಲಿ ಹಾಕಬೇಕು ಎಂದು ಎಲ್ಲರೂ ಬರೆಯುತ್ತಾರೆ. ಹಾಕುವ ಹೊತ್ತಿಗೆ ಆಡುವವನಿಗೆ ಏನು ಗೊತ್ತಿತ್ತು, ಅದನ್ನು ಅವನಿಗೆ ಯಾರು ಹೇಳಿದ್ದರು ಎಂದು ಕೇಳುವವರು ಕಡಿಮೆ. ಬಿಲ್ಡ್‌ನ ಚರಿತ್ರೆಯನ್ನು ಆ ಪ್ರಶ್ನೆ ಹಿಡಿದು ಓದಿದರೆ ಬೇರೆಯೇ ಕಾಣುತ್ತದೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಶಕ್ತಿ, ಬುದ್ಧಿ, ವಿವೇಕ ಮುಂತಾದ ಆರು ಗುಣಗಳಿಗೂ ಮೂರು ದಾಳ ಉರುಳಿಸಬೇಕಿತ್ತು. ಮೂರರಲ್ಲೂ ಆರು ಬಿದ್ದು 18 ಸಿಗುವ ಸಾಧ್ಯತೆ 216ರಲ್ಲಿ ಒಂದು. ಬಿದ್ದದ್ದನ್ನು ಒಪ್ಪಿಕೊಂಡು ಆಡುವುದೇ ಪದ್ಧತಿಯಾದ್ದರಿಂದ ಅಲ್ಲಿ ಯೋಜನೆಗೆ ಹೆಚ್ಚು ಜಾಗವಿರಲಿಲ್ಲ. 1981ರ ‘ವಿಝಾರ್ಡ್ರಿ’ ಪ್ರತಿ ಪಾತ್ರಕ್ಕೂ ಒಂದಷ್ಟು ಬೋನಸ್ ಪಾಯಿಂಟ್ ಕೊಟ್ಟು ಹಂಚಿಕೊಳ್ಳಲು ಬಿಟ್ಟಿತು. ಸಾಮಾನ್ಯವಾಗಿ ಅವು ಹತ್ತರೊಳಗೆ ಇರುತ್ತಿದ್ದವು, ಅಪರೂಪಕ್ಕೆ ಎರಡರಷ್ಟಾಗುತ್ತಿದ್ದವು. ಆ ಅಪರೂಪ ಬರುವ ತನಕ ಪಾತ್ರವನ್ನು ಅಳಿಸಿ ಮತ್ತೆ ಮಾಡುವುದು ಚಟವಾಯಿತು. 1985ರ ‘ಅಲ್ಟಿಮಾ 4’ರಲ್ಲಿ ರಿಚರ್ಡ್ ಗ್ಯಾರಿಯಟ್ ಅಂಕಿಗಳನ್ನೇ ಬದಿಗಿಟ್ಟು, ಎರಡು ಸದ್ಗುಣಗಳು ಎದುರುಬದುರಾದಾಗ ಯಾವುದರ ಕಡೆ ನಿಲ್ಲುತ್ತೀಯ ಎಂದು ಆಟಗಾರನನ್ನು ಕೇಳಿ, ಉತ್ತರದ ಮೇಲೆ ಪಾತ್ರ ಕಟ್ಟಿದರು. ಆ ದಾರಿಯಲ್ಲಿ ಆಮೇಲೆ ಹೆಚ್ಚು ಜನ ನಡೆಯದೇ ಹೋದದ್ದು ನಷ್ಟವೇ. ಜಪಾನಿನಲ್ಲಿ 1987ರ ‘ಫೈನಲ್ ಫ್ಯಾಂಟಸಿ’ ಆರು ವೃತ್ತಿಗಳನ್ನು ಮುಂದಿಟ್ಟು ನಾಲ್ವರ ತಂಡ ಕಟ್ಟಲು ಹೇಳಿತು. ಮರುವರ್ಷ ‘ಡ್ರ್ಯಾಗನ್ ಕ್ವೆಸ್ಟ್ 3’ ಲೆವೆಲ್ 20ರ ನಂತರ ವೃತ್ತಿ ಬದಲಿಸಲು ಒಂದು ಗುಡಿಯನ್ನೇ ಇಟ್ಟಿತು. ತಿದ್ದುಪಡಿಯ ಅವಕಾಶ ನಿನ್ನೆ ಮೊನ್ನೆಯದು ಎನ್ನುವವರು ಇದನ್ನು ಗಮನಿಸಬೇಕು.

ಈ ಕಾಲದ ಆಟಗಳಲ್ಲಿ ತಿಳಿವಳಿಕೆ ಇದ್ದದ್ದು ಡಬ್ಬಿಯೊಳಗಿನ ಪುಸ್ತಕದಲ್ಲಿ. ಮ್ಯಾನುಯಲ್ ಓದದೆ ಮೊದಲ ಪರದೆ ದಾಟುವುದು ಕಷ್ಟವಿತ್ತು. 1998ರ ‘ಬಾಲ್ಡರ್ಸ್ ಗೇಟ್’ವರೆಗೂ ಇದು ಹೀಗೇ ನಡೆಯಿತು. ಅಲ್ಲಿ ದಾಳವನ್ನು ಕಂಪ್ಯೂಟರೇ ಉರುಳಿಸುತ್ತಿತ್ತು, ಬೇಡವೆಂದರೆ ಮತ್ತೆ ಉರುಳಿಸುತ್ತಿತ್ತು. ಒಟ್ಟು 90 ದಾಟುವ ತನಕ ಮೌಸ್ ಒತ್ತುತ್ತ ಕೂರುವುದನ್ನು ಯೋಜನೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಬಿಲ್ಡ್ ಎನ್ನುವುದು ನಿಜಕ್ಕೂ ಶುರುವಾದದ್ದು 1997ರ ‘ಫಾಲೌಟ್’ನಿಂದ. ಇದನ್ನು ನನ್ನ ತಲೆಮಾರಿನ ಪಕ್ಷಪಾತ ಎಂದರೂ ತಕರಾರಿಲ್ಲ. ಟಿಮ್ ಕೇನ್ ಮತ್ತವರ ತಂಡ ಗರ್ಪ್ಸ್ ಎಂಬ ಸಿದ್ಧ ನಿಯಮಾವಳಿಯ ಮೇಲೆ ಆಟ ಕಟ್ಟುತ್ತಿದ್ದರು. ಆ ಒಪ್ಪಂದ ಮುರಿದುಬಿದ್ದಾಗ ಅವಸರದಲ್ಲಿ ತಮ್ಮದೇ ‘ಸ್ಪೆಷಲ್’ ಪದ್ಧತಿ ಮಾಡಿಕೊಂಡರು. ಏಳು ಗುಣಗಳು, ಒಂದೊಂದರಲ್ಲೂ 5, ಮೇಲೆ ಹಂಚಲು ಇನ್ನೂ 5. ದಾಳ ಇಲ್ಲ. ಎಲ್ಲರಿಗೂ ಸಿಗುವುದು ಅದೇ 40. ಹದಿನೆಂಟು ಸ್ಕಿಲ್‌ಗಳಲ್ಲಿ ಮೂರಕ್ಕೆ ಗುರುತು ಹಾಕಬೇಕು, ಬೇಕಿದ್ದರೆ ಎರಡು ಟ್ರೇಟ್ ತೆಗೆದುಕೊಳ್ಳಬಹುದು. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುವುದೇ ಟ್ರೇಟ್‌ನ ಸ್ವಭಾವ.

ಇದರೊಳಗಿನ ಒಂದು ಲೆಕ್ಕವನ್ನು ಹತ್ತಿರದಿಂದ ನೋಡಿ. ಒಂದು ಸರದಿಯಲ್ಲಿ ಎಷ್ಟು ಕೆಲಸ ಮಾಡಬಹುದು ಎನ್ನುವುದು ಅಜಿಲಿಟಿಯ ಅರ್ಧಕ್ಕೆ 5 ಕೂಡಿಸಿದ ಸಂಖ್ಯೆ; ಅರ್ಧ ಬಂದರೆ ಬಿಟ್ಟುಬಿಡುತ್ತಾರೆ. ಕೈಯಲ್ಲಿರುವ ಪಿಸ್ತೂಲು ಒಮ್ಮೆ ಹಾರಿಸಲು 5 ಬೇಕು. ಅಜಿಲಿಟಿ 8 ಇದ್ದವನಿಗೂ 9, ಅಜಿಲಿಟಿ 9 ಇದ್ದವನಿಗೂ 9. ಇಬ್ಬರೂ ಸರದಿಗೆ ಒಂದೇ ಗುಂಡು ಹಾರಿಸುತ್ತಾರೆ. 10 ಇದ್ದವನು ಎರಡು ಹಾರಿಸುತ್ತಾನೆ. ಪರದೆಯ ಮೇಲೆ ಒಂದೇ ಅಂಕಿಯ ವ್ಯತ್ಯಾಸ, ಮರಳುಗಾಡಿನಲ್ಲಿ ಎರಡು ಪಟ್ಟು ಬದುಕು. ‘ಗಿಫ್ಟೆಡ್’ ಟ್ರೇಟ್ ಏಳೂ ಗುಣಗಳಿಗೆ ಒಂದೊಂದು ಪಾಯಿಂಟ್ ಪುಕ್ಕಟೆ ಕೊಡುತ್ತಿತ್ತು. ಅದಕ್ಕೆ ತೆರಬೇಕಿದ್ದದ್ದು ಎಲ್ಲ ಸ್ಕಿಲ್‌ಗಳಲ್ಲಿ ಶೇ. 10, ಪ್ರತಿ ಲೆವೆಲ್‌ಗೆ 5 ಸ್ಕಿಲ್ ಪಾಯಿಂಟ್. ಕೂಡಿ ಕಳೆದು ನೋಡಿದ ಬಹುತೇಕರು ಅದನ್ನೇ ತೆಗೆದುಕೊಂಡರು. ಎಲ್ಲರೂ ಒಂದನ್ನೇ ತೆಗೆದುಕೊಳ್ಳುವ ಆಯ್ಕೆ ಆಯ್ಕೆಯೇ ಅಲ್ಲ ಎಂಬುದು ನಿಜ, ಆ ಪದ್ಧತಿಯ ಅಭಿಮಾನಿಗಳು ಇದನ್ನು ಒಪ್ಪದಿದ್ದರೂ.

‘ಫಾಲೌಟ್’ನ ದೊಡ್ಡತನ ಈ ಗಣಿತದಲ್ಲಿಲ್ಲ, ಅದು ಕೊಡುವ ಉತ್ತರದಲ್ಲಿದೆ. ಬುದ್ಧಿಯನ್ನು 4ಕ್ಕಿಂತ ಕೆಳಗಿಟ್ಟು ಆಟ ಶುರು ಮಾಡಿ. ನಿಮ್ಮ ಪಾತ್ರಕ್ಕೆ ಸರಿಯಾಗಿ ಮಾತಾಡಲು ಬರುವುದಿಲ್ಲ. ಎದುರಿಗಿರುವವರು ಕನಿಕರಿಸುತ್ತಾರೆ, ಕೆಲವರು ರೇಗುತ್ತಾರೆ, ಎಷ್ಟೋ ಕೆಲಸಗಳು ನಿಮ್ಮ ಕೈಗೆ ಬರುವುದೇ ಇಲ್ಲ. ಕಡಿಮೆ ಅಂಕಿಯೂ ಒಂದು ಆಯ್ಕೆ ಎಂದು ಆಟವೇ ಒಪ್ಪಿ ಅದಕ್ಕಾಗಿ ಮಾತುಗಳನ್ನು ಬೇರೆ ಬರೆಸಿತ್ತು. ಆದರೆ ಎನರ್ಜಿ ವೆಪನ್ಸ್‌ಗೆ ಗುರುತು ಹಾಕಿದವನು ಅಂಥ ಆಯುಧ ಕೈಗೆ ಸಿಗುವ ಹೊತ್ತಿಗೆ ಅರ್ಧ ಸತ್ತಿರುತ್ತಿದ್ದ. ಕರಿಸ್ಮಾಗೆ ಪಾಯಿಂಟ್ ಸುರಿದವನಿಗೆ ಸಿಕ್ಕಿದ್ದು ಅಲ್ಪ. ಇದನ್ನು ಆಟ ಹೇಳುತ್ತಿರಲಿಲ್ಲ. ವಾಲ್ಟ್ ನಿವಾಸಿಗಳ ಕೈಪಿಡಿಯ ವೇಷದಲ್ಲಿದ್ದ, ಸ್ಪೈರಲ್ ಬೈಂಡಿಂಗಿನ ಅದರ ಮ್ಯಾನುಯಲ್ ಓದಲು ಸೊಗಸಾಗಿತ್ತು. ಈ ಒಂದು ವಿಷಯದಲ್ಲಿ ಅದೂ ಮೌನ.

ಆ ಪುಸ್ತಕವನ್ನು ನಾವು ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಬೆಂಗಳೂರಿನಲ್ಲಿ ಈ ಆಟಗಳು ಸಿಗುತ್ತಿದ್ದದ್ದು ಮೆಜೆಸ್ಟಿಕ್ ಸುತ್ತಮುತ್ತ ಮಾರುತ್ತಿದ್ದ ಕಾಪಿ ಸಿಡಿಗಳಲ್ಲಿ, ಪಾರದರ್ಶಕ ಕವರಿನೊಳಗೆ, ಮ್ಯಾನುಯಲ್ ಇಲ್ಲದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಆಡಬೇಕು. ಮೊದಲ ಪರದೆಯಲ್ಲಿ ಯೋಚಿಸುತ್ತ ಕೂತರೆ ಮೀಟರ್ ಓಡುತ್ತದೆ. ಹಾಗಾಗಿ ಯೋಚನೆಯೆಲ್ಲ ಮನೆಯಲ್ಲಿ, ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಡೆಯುತ್ತಿತ್ತು: ಒಂದು ಕಡೆ ಏಳು ಗುಣಗಳು, ಇನ್ನೊಂದು ಕಡೆ ಯಾವನೋ ಗೆಳೆಯ ಹೇಳಿದ ಸುದ್ದಿ, ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಕೆಫೆಯವನು ಒಂದು ದಿನ ಮಷೀನ್ ಫಾರ್ಮ್ಯಾಟ್ ಮಾಡಿದರೆ ಸೇವ್ ಮಾಡಿದ್ದೆಲ್ಲ ಹೋಯಿತು, ಮತ್ತೆ ಮೊದಲ ಪರದೆ. ಆ ಕೆಫೆಗಳಲ್ಲಿ ‘ಕೌಂಟರ್ ಸ್ಟ್ರೈಕ್’ ಗೆದ್ದದ್ದಕ್ಕೂ ಈ ಜಾತಿಯ ಆಟ ಸೋತದ್ದಕ್ಕೂ ಅಭಿರುಚಿಗಿಂತ ಇದೇ ಕಾರಣ ಎಂದು ನನ್ನ ಅನಿಸಿಕೆ.

2000ದ ‘ಡಯಾಬ್ಲೋ 2’ ಯೋಜನೆಯನ್ನು ಆಟದ ಹೊರಗೆ ಎಳೆದು ತಂದಿತು. ಪ್ರತಿ ಪಾತ್ರಕ್ಕೂ ಮೂರು ಸ್ಕಿಲ್ ಟ್ರೀ, ಒಟ್ಟು 30 ಸ್ಕಿಲ್. ಲೆವೆಲ್ 1, 6, 12, 18, 24, 30ರಲ್ಲಿ ಒಂದೊಂದು ಸಾಲು ತೆರೆಯುತ್ತದೆ. ಲೆವೆಲ್‌ಗೆ ಒಂದು ಪಾಯಿಂಟ್, ಒಂದು ಸ್ಕಿಲ್‌ನಲ್ಲಿ ಹೆಚ್ಚೆಂದರೆ 20. 99ರ ತನಕ ಹತ್ತಿದರೂ, ಕೆಲವು ಕೆಲಸ ಮುಗಿಸಿ ಗಳಿಸುವ ಹನ್ನೆರಡನ್ನೂ ಸೇರಿಸಿದರೂ ಒಟ್ಟು 110. ಹಾಕಿದ ಪಾಯಿಂಟ್ ಹಾಕಿದಂತೆಯೇ, ವಾಪಸ್ ಇಲ್ಲ.

ಇದರ ಪರಿಣಾಮ ವಿಚಿತ್ರವಾಗಿತ್ತು. ಮಂಜಿನ ಮಾಂತ್ರಿಕಳನ್ನು ಆಡುವವರಿಗೆ ಬೇಕಾದ ‘ಫ್ರೋಝನ್ ಆರ್ಬ್’ ಲೆವೆಲ್ 30ರ ಸ್ಕಿಲ್. ಮೊದಲಿನ ಸ್ಕಿಲ್‌ಗಳಿಗೆ ಹಾಕಿದ್ದು ಮುಂದೆ ದಂಡ. ಆದ್ದರಿಂದ ದಾರಿಗೆ ಬೇಕಾದಷ್ಟು ಒಂದೊಂದು ಹಾಕಿ, ಉಳಿದದ್ದನ್ನು ಕೂಡಿಟ್ಟುಕೊಂಡು, ಆಟದ ಎಷ್ಟೋ ಭಾಗವನ್ನು ಬರಿಗೈಯವರ ಹಾಗೆ ದಾಟುತ್ತಿದ್ದರು. ಶಕ್ತಿ ಕವಚ ತೊಡಲು ಎಷ್ಟು ಬೇಕೋ ಅಷ್ಟು, ಡೆಕ್ಸ್ಟೆರಿಟಿ ಗುರಾಣಿಯ ತಡೆ ಶೇ. 75 ಮುಟ್ಟುವಷ್ಟು, ಎನರ್ಜಿಗೆ ಸೊನ್ನೆ, ಮಿಕ್ಕದ್ದೆಲ್ಲ ವೈಟಾಲಿಟಿಗೆ: ಈ ಸೂತ್ರ ಬಾಯಿಂದ ಬಾಯಿಗೆ ಹರಿದಾಡಿತು. 2003ರ 1.10 ಪ್ಯಾಚ್ ಸಿನರ್ಜಿ ತಂದಾಗ ಲೆಕ್ಕ ತಲೆಕೆಳಗಾಯಿತು. ಐಸ್ ಬೋಲ್ಟ್, ಐಸ್ ಬ್ಲಾಸ್ಟ್, ಗ್ಲೇಶಿಯಲ್ ಸ್ಪೈಕ್‌ಗಳಿಗೆ ಹಾಕಿದ ಪಾಯಿಂಟ್‌ಗಳೇ ‘ಬ್ಲಿಝಾರ್ಡ್’ನ ಬಲ ಹೆಚ್ಚಿಸತೊಡಗಿದವು. ಹಿಂದಿನ ದಿನದ ತನಕ ದಂಡವಾಗಿದ್ದದ್ದು ಬಂಡವಾಳವಾಯಿತು, ಕೂಡಿಡುವ ಜಾಣತನಕ್ಕೆ ಕೆಲಸವಿಲ್ಲದಾಯಿತು. ಒಂದು ಪ್ಯಾಚ್ ಇಷ್ಟು ಮಂದಿಯ ಯೋಜನೆಯನ್ನು ರಾತ್ರೋರಾತ್ರಿ ಹಳತು ಮಾಡಿದ್ದು ನನಗೆ ತಿಳಿದಂತೆ ಅದೇ ಮೊದಲು.

ಅದೇ ವರ್ಷಗಳ ಇನ್ನೊಂದು ಧಾರೆ ಮಾತಿನ ಆಟಗಳದು. 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಲ್ಲಿ ಶಕ್ತಿಗೆ ಪಾಯಿಂಟ್ ಹಾಕಿದವನು ಕತೆಯ ತಿರುಳನ್ನೇ ಕಳೆದುಕೊಳ್ಳುತ್ತಿದ್ದ; ವಿವೇಕ ಹೆಚ್ಚಿಸಿಕೊಂಡವನಿಗೆ ಅದರ ನಾಯಕ ಮರೆತ ಹಿಂದಿನ ಬದುಕುಗಳು ನೆನಪಾಗುತ್ತಿದ್ದವು. ಟೇಬಲ್ ಆಟದ ಕಡೆ 2000ದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮೂರನೆಯ ಆವೃತ್ತಿ ಬಂತು. ಅದರ ಕರ್ತೃಗಳಲ್ಲಿ ಒಬ್ಬರಾದ ಮಾಂಟಿ ಕುಕ್ ಆಮೇಲೆ ಬರೆದ ಲೇಖನವೊಂದು ಈ ಕ್ಷೇತ್ರದಲ್ಲಿ ಎಲ್ಲರೂ ಓದಬೇಕಾದದ್ದು. ನಿಯಮ ಅರಿತವರಿಗೆ ಲಾಭವಾಗುವ ಹಾಗೆ ಕೆಲವು ಆಯ್ಕೆಗಳನ್ನು ಬೇಕೆಂದೇ ಉಳಿದವಕ್ಕಿಂತ ಸಪ್ಪೆಯಾಗಿ ಇಟ್ಟಿದ್ದೆವು, ಯಾವುದು ಎಲ್ಲಿಗೆ ತಕ್ಕದ್ದು ಎಂದು ಬಿಡಿಸಿ ಹೇಳಲಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಅಜ್ಞಾನ ಆಟಗಾರನ ದೋಷವಲ್ಲ, ಕಟ್ಟಿದವರ ವಿನ್ಯಾಸ ಎಂದು ಒಳಗಿನವರೇ ಹೇಳಿದಂತಾಯಿತು.

2006ರ ‘ಆಬ್ಲಿವಿಯನ್’ ಇದರ ಅತಿರೇಕ. ಅಲ್ಲಿ ಏಳು ಮೇಜರ್ ಸ್ಕಿಲ್ ಆರಿಸಿಕೊಳ್ಳಬೇಕು, ಅವು ಹತ್ತು ಸಲ ಏರಿದರೆ ಒಂದು ಲೆವೆಲ್. ನೀವು ಏರಿದಂತೆ ಶತ್ರುಗಳೂ ಏರುತ್ತಾರೆ. ಹಾಗಾಗಿ ಲೆಕ್ಕ ಬಲ್ಲವರು ತಾವು ಬಳಸದ ಸ್ಕಿಲ್‌ಗಳನ್ನೇ ಮೇಜರ್ ಎಂದು ಬರೆಸಿ, ಬೇಕಾದವನ್ನು ಹೊರಗಿಟ್ಟು, ಲೆವೆಲ್ ಏರದಂತೆ ನೋಡಿಕೊಂಡರು. ಕಳ್ಳನಾಗಿ ಆಡುವವನು ಕಾಗದದ ಮೇಲೆ ಕಳ್ಳನಾಗಬಾರದು! 2011ರ ‘ಸ್ಕೈರಿಮ್’ ಬೇಸತ್ತು ಕ್ಲಾಸ್, ಗುಣ ಎರಡನ್ನೂ ಕಿತ್ತುಹಾಕಿ, ಮಾಡಿದ್ದೇ ಬೆಳೆಯುತ್ತದೆ ಎಂದಿತು. ಕೊನೆಗೆ ಎಲ್ಲರೂ ಕತ್ತಲಲ್ಲಿ ಬಗ್ಗಿ ಬಾಣ ಬಿಡುವವರೇ ಆದರು ಎಂಬ ನಗೆಚಾಟಿಕೆ ಅದಕ್ಕೆ ಅಂಟಿಕೊಂಡಿದೆ.

ಇದರ ನಡುವೆಯೇ ಕ್ಷಮೆಯ ಕಾಲವೂ ಶುರುವಾಗಿತ್ತು. 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಮರುಹಂಚಿಕೆಗೆ ಒಂದು ಚಿನ್ನದಿಂದ ಶುರುಮಾಡಿ ಐವತ್ತರ ತನಕ ದರ ಏರಿಸುತ್ತ ಹೋಗುತ್ತಿತ್ತು. ‘ಡಯಾಬ್ಲೋ 2’ ಕೂಡ ಹತ್ತು ವರ್ಷ ಕಾದು 2010ರಲ್ಲಿ ಆ ಬಾಗಿಲು ತೆರೆಯಿತು. 2012ರ ‘ಡಯಾಬ್ಲೋ 3’ ಪಾಯಿಂಟ್ ಹಂಚುವ ಕೆಲಸವನ್ನೇ ತೆಗೆದುಹಾಕಿತು. ಅದರ ಮೇಲಿನ ಸಿಟ್ಟು ಬಹಳ ಮಂದಿಯನ್ನು ನ್ಯೂಜಿಲೆಂಡಿನ ‘ಪಾತ್ ಆಫ್ ಎಕ್ಸೈಲ್’ ಕಡೆ ಕಳಿಸಿತು. ಅಲ್ಲಿ ಒಂದೇ ದೊಡ್ಡ ಜಾಲದಲ್ಲಿ 1,300ಕ್ಕೂ ಹೆಚ್ಚು ಗಂಟುಗಳಿವೆ. ಅದನ್ನು ಬಿಡಿಸಲು ಅಭಿಮಾನಿಯೊಬ್ಬರು ಬರೆದ ‘ಪಾತ್ ಆಫ್ ಬಿಲ್ಡಿಂಗ್’ ಎಂಬ ಬೇರೆ ಪ್ರೋಗ್ರಾಂ ಇಲ್ಲದೆ ಆಡುವವರು ವಿರಳ. ನಮ್ಮ ನೋಟ್‌ಬುಕ್ಕಿನ ಹಿಂದಿನ ಹಾಳೆಯ ಕೆಲಸವನ್ನು ಅದು ಚೊಕ್ಕಟವಾಗಿ ಮಾಡುತ್ತದೆ, ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಬಿಟ್ಟು.

‘ಡಾರ್ಕ್ ಸೋಲ್ಸ್’ ಬೇರೆಯೇ ಹಾದಿ ಹಿಡಿಯಿತು. 2011ರ ಆ ಆಟದಲ್ಲಿ ಶುರುವಿನ ಕ್ಲಾಸ್‌ಗಳ ನಡುವೆ ಅಂತರ ಸ್ವಲ್ಪವೇ; ಜೊತೆಗೊಂದು ಉಡುಗೊರೆ ಆರಿಸಿಕೊಳ್ಳಬೇಕು. ಮಾಸ್ಟರ್ ಕೀ ತೆಗೆದುಕೊಂಡವನು ನ್ಯೂ ಲಂಡೋ ಅವಶೇಷಗಳ ಬಾಗಿಲು ತೆರೆದು ಆಟದ ಅರ್ಧ ಭೂಪಟವನ್ನು ಅಡ್ಡದಾರಿಯಲ್ಲಿ ಹಾಯಬಹುದು. ಪೆಂಡೆಂಟ್ ತೆಗೆದುಕೊಂಡವನಿಗೆ ಏನೂ ಇಲ್ಲ, ಪ್ರಯೋಜನವಿಲ್ಲವೆಂದು ಅದರ ವಿವರಣೆಯಲ್ಲೇ ಬರೆದಿದೆ. ಆದರೂ ವರ್ಷಗಟ್ಟಲೆ ಅದರ ಗುಟ್ಟು ಹುಡುಕಿದವರಿದ್ದಾರೆ. ಆಟ ಬಾಯಿಬಿಟ್ಟು ನಿಜ ಹೇಳಿದಾಗ ನಂಬುವ ಅಭ್ಯಾಸವೇ ನಮಗೆ ತಪ್ಪಿಹೋಗಿತ್ತು.

ಹಳೆಯ ಶಾಲೆ ಮರಳಿ ಬಂದದ್ದು ಎರಡು ರೂಪದಲ್ಲಿ. 2015ರ ‘ಪಿಲ್ಲರ್ಸ್ ಆಫ್ ಎಟರ್ನಿಟಿ’ಯಲ್ಲಿ ಜಾಶ್ ಸಾಯರ್ ಯಾವ ಗುಣವೂ ವ್ಯರ್ಥವಾಗಬಾರದು ಎಂದು ಹಟ ಹಿಡಿದರು, ಕತ್ತಿಯ ಪೆಟ್ಟಿಗೂ ಮಂತ್ರದ ಪೆಟ್ಟಿಗೂ ಅದೇ ‘ಮೈಟ್’. ನ್ಯಾಯವೇನೋ ಆಯಿತು, ರುಚಿ ಸ್ವಲ್ಪ ಕಡಿಮೆಯಾಯಿತು. 2019ರಲ್ಲಿ ಎಸ್ಟೋನಿಯಾದವರು ಕಟ್ಟಿದ ‘ಡಿಸ್ಕೋ ಎಲಿಸಿಯಂ’ ಇದಕ್ಕೆ ತೀರ ಉಲ್ಟಾ. ನಾಲ್ಕು ಗುಣಗಳ ಕೆಳಗೆ 24 ಸ್ಕಿಲ್‌ಗಳು, ಒಂದೊಂದೂ ತಲೆಯೊಳಗೆ ಮಾತಾಡುವ ದನಿ. ದೇಹಬಲವನ್ನು 1ಕ್ಕೆ ಇಳಿಸಿ ಶುರು ಮಾಡಿದರೆ, ಫ್ಯಾನಿಗೆ ಸಿಕ್ಕಿಕೊಂಡ ಟೈ ತೆಗೆಯಲು ಹೋಗಿ ಹೋಟೆಲ್ ರೂಮಿನಲ್ಲೇ ಎದೆ ನಿಂತು ಸಾಯಬಹುದು. ಆಟ ಶುರುವಾಗಿ ಕೆಲವೇ ನಿಮಿಷದಲ್ಲಿ, ಮೊದಲ ಪರದೆಯ ಆ 1 ಅಂದರೆ ಏನು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಂದು ಆಟ ನನಗೆ ಗೊತ್ತಿಲ್ಲ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ವಿದರ್ಸ್ ಎಂಬ ಅಸ್ಥಿಪಂಜರ 100 ಚಿನ್ನಕ್ಕೆ ಇಡೀ ಕ್ಲಾಸನ್ನೇ ಬದಲಿಸಿಕೊಡುತ್ತದೆ. ಉಪಕಾರವೇ. ಆದರೆ ಬೆಸಸಂಖ್ಯೆಯ ಗುಣಾಂಕದಿಂದ ಹೆಚ್ಚುವರಿ ಲಾಭವಿಲ್ಲ, 14 ಆದರೂ 15 ಆದರೂ ಒಂದೇ ಎಂಬುದನ್ನು ಮೊದಲ ಪರದೆಯಲ್ಲೇ ಗಟ್ಟಿಯಾಗಿ ಹೇಳಿದ್ದರೆ ಎಷ್ಟೋ ಹೊಸಬರು ವಿದರ್ಸ್ ಬಳಿ ಹೋಗಬೇಕಾಗುತ್ತಿರಲಿಲ್ಲ.

ಈ ಸಮೀಕ್ಷೆಯಲ್ಲಿ ಬಿಟ್ಟುಹೋದದ್ದು ಬಹಳ ಇದೆ. ಜಪಾನಿನ ಧಾರೆಗೆ ಎರಡು ವಾಕ್ಯ ಸಾಲದು, ಕೊರಿಯಾದ್ದನ್ನು ಮುಟ್ಟಲೇ ಇಲ್ಲ. ಗೈಡ್‌ಗಳನ್ನು ಸಂಬಳವಿಲ್ಲದೆ ಟೈಪ್ ಮಾಡಿ ಹಂಚಿದವರ ಕೆಲಸಕ್ಕೆ ಚರಿತ್ರೆಯಲ್ಲಿ ಅಡಿಟಿಪ್ಪಣಿಯೂ ಇಲ್ಲ. ಇರುವ ಚರಿತ್ರೆಗಳು ವಿನ್ಯಾಸಕರ ಸಂದರ್ಶನಗಳ ಮೇಲೆ ನಿಂತಿವೆ, ಮ್ಯಾನುಯಲ್ ಕೈಯಲ್ಲಿದ್ದವರನ್ನೇ ಆಟಗಾರರೆಂದು ತಿಳಿದಿವೆ. ಕನ್ನಡದ ಪತ್ರಿಕೆಗಳಲ್ಲಿ ವಿಡಿಯೋ ಗೇಮ್ ಬರುವುದು ಮಕ್ಕಳು ಹಾಳಾಗುವ ಸುದ್ದಿಯಾಗಿ, ಇಲ್ಲವೇ ಹೊಸ ಕಂಪನಿಯ ಹೂಡಿಕೆಯ ಸುದ್ದಿಯಾಗಿ. ಇನ್ನು 2021ರಲ್ಲಿ ಹೊಸ ಚಿತ್ರಗಳೊಂದಿಗೆ ಮರಳಿ ಬಂದ ‘ಡಯಾಬ್ಲೋ 2’ ಅನುಸರಿಸುವುದು ಸಿನರ್ಜಿಯೂ ಮರುಹಂಚಿಕೆಯೂ ಸೇರಿದ ನಂತರದ ನಿಯಮಗಳನ್ನು. ಪಾಯಿಂಟ್ ಕೂಡಿಟ್ಟು ಲೆವೆಲ್ 30 ಕಾಯುತ್ತಿದ್ದ ಆಟ ಅದರಲ್ಲಿ ಇಲ್ಲ. ಅದನ್ನು ಪರೀಕ್ಷಿಸಿ ಬರೆಯಬೇಕೆಂದವರು 1.10ಕ್ಕೆ ಮುಂಚಿನ ಡಿಸ್ಕ್ ಹುಡುಕಿ, ಯಾವ ಪ್ಯಾಚೂ ಹಾಕದೆ ಓಡಿಸಿ ನೋಡಬೇಕು.