ಬೆಳ್ಳಂದೂರು ಕೆರೆಗಿಳಿದ ಯುದ್ಧವಿಮಾನಗಳು

ಬೆಳ್ಳಂದೂರು ಕೆರೆ ಎಂದೊಡನೆ ಇಂದಿನವರಿಗೆ ನೆನಪಾಗುವುದು ನೊರೆ, ಬೆಂಕಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಕೆರೆಯ ಮೇಲೆ ಸೇನಾ ವಿಮಾನಗಳು ಇಳಿಯುತ್ತಿದ್ದವು ಎಂದರೆ ನಂಬುವುದು ಕಷ್ಟ.

ಅವು ಕ್ಯಾಟಲೀನಾ ಎಂಬ ಹಾರುವ ದೋಣಿಗಳು. ಹೊಟ್ಟೆ ದೋಣಿಯ ತಳದಂತೆಯೇ ಇರುತ್ತಿತ್ತು. ಎಷ್ಟೋ ವಿಮಾನಗಳಿಗೆ ನೆಲಕ್ಕಿಳಿಯಲು ಗಾಲಿಯೇ ಇಲ್ಲ, ನೀರೇ ಬೇಕು. ಗಂಟೆಗಟ್ಟಲೆ ಸಮುದ್ರದ ಮೇಲೆ ಸುತ್ತಿ ಶತ್ರುವಿನ ಹಡಗು, ಜಲಾಂತರ್ಗಾಮಿಗಳನ್ನು ಹುಡುಕುವುದು ಅವುಗಳ ಕೆಲಸ. 1942ರ ಏಪ್ರಿಲ್ 4ರಂದು ಸಿಂಹಳದತ್ತ ಬರುತ್ತಿದ್ದ ಜಪಾನಿ ನೌಕಾಪಡೆಯನ್ನು ಕಂಡು ಸುದ್ದಿ ಕೊಟ್ಟದ್ದು ಇಂಥದೇ ಒಂದು ವಿಮಾನ. ಜಪಾನಿಯರು ಅದನ್ನು ಹೊಡೆದುರುಳಿಸಿದರು. ಮರುದಿನ ಕೊಲಂಬೊ ಮೇಲೆ ಬಾಂಬು ಬಿತ್ತು. ಅಷ್ಟರಲ್ಲಿ ಅನೇಕ ಹಡಗುಗಳು ಬಂದರು ಬಿಟ್ಟು ಹೋಗಿದ್ದವು.

ಇಂಥ ವಿಮಾನಗಳಿಗೆ ಸಮುದ್ರವಿಲ್ಲದ ಬೆಂಗಳೂರಿನಲ್ಲೇನು ಕೆಲಸ? ರಿಪೇರಿ! 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ವಿಮಾನ ಕಟ್ಟಬೇಕೆಂಬುದು ಅವರ ಕನಸು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಹಾರಿಯೂ ಹಾರಿತು. ಆದರೆ ಯುದ್ಧ ಬರ್ಮಾದವರೆಗೆ ಬಂದಾಗ ಕಟ್ಟುವುದಕ್ಕಿಂತ ಕೆಟ್ಟದ್ದನ್ನು ಸರಿಪಡಿಸುವುದೇ ತುರ್ತಾಯಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು.

ಕಾರ್ಖಾನೆಗೆ ರನ್‌ವೇ ಇತ್ತು ನಿಜ, ಗಾಲಿಯಿಲ್ಲದ ವಿಮಾನಕ್ಕೆ ಅದರಿಂದೇನು ಪ್ರಯೋಜನ? ಹತ್ತಿರದ ಬೆಳ್ಳಂದೂರು ಕೆರೆ ಒದಗಿಬಂತು. ಗದ್ದೆಗಳಿಗೆ ನೀರುಣಿಸುತ್ತಿದ್ದ ಕೆರೆಯ ಮೇಲೆ ನೂರಡಿಗೂ ಮೀರಿದ ರೆಕ್ಕೆಯ ವಿಮಾನಗಳು ನೀರು ಸೀಳಿಕೊಂಡು ಇಳಿದವು. ರಿಪೇರಿ ಮುಗಿದ ಮೇಲೆ ಅದೇ ನೀರಿನಿಂದ ಎದ್ದು ಮತ್ತೆ ಸಮುದ್ರದ ಕಾವಲಿಗೆ ಹೊರಟವು.